ಬರೆಯಲು ಜಾಗ ಬಿಟ್ಟ ಕಾರ್ಡು: ನಮ್ಮೂರಿನ ಮಳೆ, ಚಳಿ, ಬಿಸಿಲನ್ನು ಜಲವರ್ಣದಲ್ಲಿ ಹಿಡಿಯುವ ಬಗೆ

ಮೊದಲ ಸಲ ಕಾರ್ಡು ಮಾಡಿದಾಗ ಐದನ್ನು ಕವರ್ ಸಮೇತ ಕೊಪ್ಪದ ದೊಡ್ಡಮ್ಮನಿಗೆ ಕೊಟ್ಟು ಬಂದಿದ್ದೆ. ಒಂದೊಂದಕ್ಕೂ ಮೂರು ಮೂರು ಗಂಟೆ ಕೂತಿದ್ದೆ. ಎಲೆಯ ನರ ಕೂಡ ಬಿಟ್ಟಿರಲಿಲ್ಲ. ಮುಂದಿನ ವರ್ಷ ಹೋದಾಗ ಐದೂ ಬೀರುವಿನಲ್ಲೇ ಇದ್ದವು. ರೇಷ್ಮೆ ಸೀರೆಗಳ ನಡುವೆ, ನುಸಿಗುಳಿಗೆಯ ಜೊತೆ.

"ಯಾಕೆ ದೊಡ್ಡಮ್ಮ, ಯಾರಿಗೂ ಬರೆದಿಲ್ವಾ?"

"ಅದ್ರ ಮೇಲೆ ಬರೆದ್ರೆ ಹಾಳಾಗ್ತದಲ್ಲೇ ಮಾರಾಯ್ತಿ!"

ಆವತ್ತು ಖುಷಿಯಾಯಿತು. ಬಸ್ಸಿನಲ್ಲಿ ವಾಪಸ್ ಬರುವಾಗ ಬೇಜಾರಾಯಿತು. ನಾನು ಮಾಡಿದ್ದು ಕಾರ್ಡಲ್ಲ, ಸಣ್ಣ ಫ್ರೇಮಿಲ್ಲದ ಪಟ. ಕನ್ನಡದಲ್ಲಿ ನಾವು ಚಿತ್ರವನ್ನೂ ಬರೆಯುತ್ತೇವೆ, ಕಾಗದವನ್ನೂ ಬರೆಯುತ್ತೇವೆ. ಕಾರ್ಡಿನಲ್ಲಿ ಅರ್ಧ ನಾವು ಬರೆಯಬೇಕು, ಇನ್ನರ್ಧವನ್ನು ಅದನ್ನು ತಗೊಂಡವರಿಗೆ ಬಿಡಬೇಕು. ಮೊದಲರ್ಧವೇ ಜಾಸ್ತಿ ಆಗಿಬಿಟ್ಟರೆ ಎರಡನೆಯದು ನಡೆಯುವುದೇ ಇಲ್ಲ.

ಕೆಳಗೆ ಬರೆದಿರುವುದೆಲ್ಲ ಆ ಐದು ಕಾರ್ಡುಗಳ ನಂತರ ಕಲಿತದ್ದು. ಬೇಗ ಮುಗಿಯುವ, ಕಮ್ಮಿ ಖರ್ಚಿನ, ಒಳಗೆ ಖಾಲಿ ಇರುವ, ಯಾರಾದರೂ ಹೆದರದೆ ಪೆನ್ನು ಇಡಬಹುದಾದ ಕಾರ್ಡು ಮಾಡುವ ಕ್ರಮ. ಜಲವರ್ಣ ಅಂದರೆ ಶಾಲೆಯಲ್ಲಿ ಬಿಟ್ಟದ್ದು, ಮತ್ತೆ ಮುಟ್ಟಿಲ್ಲ ಅನ್ನುವವರಿಗೂ ಇದು ಸಾಕು.

ಮೊದಲು ಒಂದು ತೀರ್ಮಾನ: ಕಾರ್ಡಿನ ಮೇಲೇ ಬರೆಯಬೇಕಾ, ಅಂಟಿಸಬೇಕಾ?

ಎರಡು ದಾರಿ ಇವೆ. ಮಡಿಸಿದ ದಪ್ಪ ಕಾಗದದ ಮುಖದ ಮೇಲೇ ನೇರವಾಗಿ ಚಿತ್ರ ಬರೆಯಬಹುದು. ಇಲ್ಲವೇ ಬೇರೆ ತುಂಡಿನ ಮೇಲೆ ಬರೆದು ಕಾರ್ಡಿಗೆ ಅಂಟಿಸಬಹುದು.

ನನ್ನ ವೋಟು ಅಂಟಿಸುವುದಕ್ಕೆ. ನೇರವಾಗಿ ಬರೆದರೆ ನೀರು ಬಿದ್ದ ಕಡೆ ಕಾಗದ ಉಬ್ಬುತ್ತದೆ, ಮಡಿಕೆ ವಾಲುತ್ತದೆ. ಚಿತ್ರ ಕೆಟ್ಟರೆ ಇಡೀ ಕಾರ್ಡು ಕಸಕ್ಕೆ. ಜೊತೆಗೆ ಜಲವರ್ಣದ ಒಳ್ಳೆಯ ಕಾಗದ ಒರಟಾಗಿರುತ್ತದೆ, ಅದರ ಒಳಮೈ ಮೇಲೆ ಜೆಲ್ ಪೆನ್ನು ಕೆರೆದುಕೊಂಡು ಹೋಗುತ್ತದೆ. ಅಂಟಿಸುವುದಾದರೆ ದುಬಾರಿ ಕಾಗದ ಚಿತ್ರದ ಜಾಗಕ್ಕೆ ಮಾತ್ರ ಸಾಕು. ಬರೆಯುವ ಜಾಗಕ್ಕೆ ನುಣುಪಾದ ಸಾದಾ ಕಾರ್ಡ್ ಶೀಟು. ಕೆಟ್ಟರೆ ಅಂಗೈಯಗಲದ ತುಂಡು ಹೋಯಿತು, ಅಷ್ಟೇ.

ಏನೇನು ಬೇಕು

ಚಿತ್ರಕ್ಕೆ: 300 ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ಅನ್ನುವ ಲೆಕ್ಕ, ಜಾಸ್ತಿ ಇದ್ದಷ್ಟೂ ದಪ್ಪ) ಕೋಲ್ಡ್ ಪ್ರೆಸ್, ಅಂದರೆ ಮೈ ತುಸು ಒರಟಾದ ಕಾಗದ, ಎ4 ಅಳತೆಯದು. ಕಾಟನ್ ಕಾಗದ ಸಿಕ್ಕರೆ ಅದನ್ನೇ ತಗೊಳ್ಳಿ. ಮರದ ತಿರುಳಿನ ಕಾಗದದಲ್ಲಿ ನೀರು ಬೇಗ ಆರುತ್ತದೆ, ಮೋಡ ಬರೆಯುವಾಗ ಅರ್ಧಕ್ಕೇ ಕೈ ಕೊಡುತ್ತದೆ. ಅಭ್ಯಾಸಕ್ಕೆ ಪರವಾಗಿಲ್ಲ. ಡ್ರಾಯಿಂಗ್ ಬುಕ್ಕಿನ ತೆಳು ಹಾಳೆ ಮಾತ್ರ ಬೇಡ. ನೀವೆಷ್ಟೇ ಚೆನ್ನಾಗಿ ಬರೆದರೂ ಅದು ಹಪ್ಪಳದ ಹಾಗೆ ಸುರುಳಿಕೊಳ್ಳುತ್ತದೆ.

ಕಾರ್ಡಿಗೆ: 250 ಜಿಎಸ್‌ಎಂ ಐವರಿ ಕಾರ್ಡ್ ಶೀಟು, ಎ4, ಹೊಳಪಿಲ್ಲದ್ದು. ಅಂಗಡಿಯಲ್ಲೇ ಮೂಲೆಯಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದು ಬೆರಳಲ್ಲಿ ಉಜ್ಜಿ ನೋಡಿ. ಹರಡಿದರೆ ಬೇರೆ ಕೇಳಿ.

ಬಣ್ಣ: ಹನ್ನೆರಡರ ಟ್ಯೂಬ್ ಪೆಟ್ಟಿಗೆ ಇದ್ದರೂ ನಾನು ಕೈ ಹಾಕುವುದು ಆರಕ್ಕೆ. ಲೆಮನ್ ಯೆಲ್ಲೋ, ಗ್ಯಾಂಬೋಜ್ (ಬೆಚ್ಚನೆಯ ಹಳದಿ), ಕ್ರಿಮ್ಸನ್, ಅಲ್ಟ್ರಾಮರೀನ್ ಬ್ಲೂ, ಪ್ರಷ್ಯನ್ ಬ್ಲೂ, ಬರ್ನ್ಟ್ ಸಿಯೆನ್ನಾ (ಕೆಂಗಂದು). ಕಪ್ಪು ಬೇಡ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಕಪ್ಪಿಗಿಂತ ಚೆಂದದ ಬೂದು ಸಿಗುತ್ತದೆ, ಅದೂ ನಮ್ಮ ಮಳೆಮೋಡದ್ದೇ ಬೂದು. ಪೋಸ್ಟರ್ ಕಲರ್ ತರಬೇಡಿ. ಅದರಲ್ಲಿ ಕೆಳಗಿನ ಕಾಗದ ಕಾಣುವುದಿಲ್ಲ. ಜಲವರ್ಣದ ಬೆಳಕೆಲ್ಲ ಬರುವುದು ಕೆಳಗಿನ ಬಿಳಿ ಕಾಗದದಿಂದ.

ಬ್ರಷ್ಷು: ದುಂಡನೆಯ 8ನೇ ನಂಬರ್ ಒಂದು, 2ನೇ ನಂಬರ್ ಒಂದು. ಸಿಂಥೆಟಿಕ್ ಆದರೂ ಸರಿ, ಒದ್ದೆ ಮಾಡಿ ಒದರಿದಾಗ ತುದಿ ಚೂಪಾಗಿ ನಿಲ್ಲಬೇಕು. ನೀರು ತುಂಬಿಸಿ ನೋಡದೆ ಬ್ರಷ್ ಕೊಳ್ಳಬೇಡಿ.

ಉಳಿದದ್ದು ಮನೆಯಲ್ಲೇ ಇದೆ. ಮಕ್ಕಳ ಪರೀಕ್ಷೆ ಪ್ಯಾಡು, ಅರ್ಧ ಇಂಚಿನ ಮಾಸ್ಕಿಂಗ್ ಟೇಪು, ಸ್ಟೀಲ್ ಸ್ಕೇಲು, ಪೇಪರ್ ಕಟರ್, ಎರಡು ಲೋಟ ನೀರು (ಒಂದು ತೊಳೆಯಲು, ಒಂದು ಶುದ್ಧವಾಗಿಡಲು), ಹಳೇ ಬನಿಯನ್ ತುಂಡು, ಕರೆಂಟು ಹೋದಾಗ ಹಚ್ಚಿ ಉಳಿದ ಮೋಂಬತ್ತಿ, ಇಂಕು ಮುಗಿದ ಬಾಲ್ ಪೆನ್ನು. ಆ ಪೆನ್ನು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಒಂದು ಹಾಳೆ, ಒಂಬತ್ತು ಕಿಟಕಿ

ಒಂದೊಂದೇ ಕಾರ್ಡು ಮಾಡಿದರೆ ಒಂದೊಂದರ ಮೇಲೂ ಆಸೆ ಜಾಸ್ತಿ. ತಿದ್ದುತ್ತಾ ಕೂರುತ್ತೇವೆ. ಒಂಬತ್ತು ಒಟ್ಟಿಗೆ ಮಾಡಿದರೆ ಕೈ ಸಡಿಲವಾಗುತ್ತದೆ.

ಎ4 ಹಾಳೆ 29.7 ಸೆಂಟಿಮೀಟರ್ ಉದ್ದ, 21 ಅಗಲ. ಉದ್ದವನ್ನು 9.9ರಂತೆ ಮೂರು, ಅಗಲವನ್ನು 7ರಂತೆ ಮೂರು ಭಾಗ ಮಾಡಿ ಪೆನ್ಸಿಲ್ಲಿನಲ್ಲಿ ತೆಳುವಾಗಿ ಗೆರೆ ಎಳೆಯಿರಿ. ಗೆರೆ ಟೇಪಿನ ಸರಿ ನಡುವೆ ಬರುವ ಹಾಗೆ ಟೇಪು ಹಚ್ಚಿ. ಹೊರಗಿನ ನಾಲ್ಕು ಅಂಚಿಗೂ ಟೇಪು ಹಾಕಿ, ಅರ್ಧ ಕಾಗದದ ಮೇಲೆ, ಅರ್ಧ ಪ್ಯಾಡಿನ ಮೇಲೆ. ಈಗ ಒಂಬತ್ತು ಪುಟ್ಟ ಕಿಟಕಿಗಳಾದವು. ಪರೀಕ್ಷೆ ಪ್ಯಾಡು ಹಾಳೆಗಿಂತ ಎಲ್ಲ ಕಡೆ ಒಂದಿಷ್ಟು ದೊಡ್ಡದಿರಬೇಕು, ಕ್ಲಿಪ್ಪು ಅಡ್ಡ ಬಂದರೆ ಪ್ಯಾಡನ್ನು ಮಗುಚಿ ಹಿಂಬದಿ ಬಳಸಿ.

ಟೇಪನ್ನು ಕಾಗದಕ್ಕೆ ಹಚ್ಚುವ ಮೊದಲು ಒಮ್ಮೆ ನಿಮ್ಮ ಬಟ್ಟೆಗೆ ಅಂಟಿಸಿ ಕಿತ್ತುಬಿಡಿ. ಅಂಟು ಸ್ವಲ್ಪ ಸಾಯುತ್ತದೆ. ಇಲ್ಲದಿದ್ದರೆ ಕೊನೆಗೆ ಟೇಪಿನ ಜೊತೆ ಕಾಗದದ ಚರ್ಮವೂ ಎದ್ದು ಬರುತ್ತದೆ. ಹಚ್ಚಿದ ಮೇಲೆ ಕಿಟಕಿಯ ಅಂಚನ್ನು ಉಗುರಿನಿಂದ ಒತ್ತಿ, ಬಣ್ಣ ಕೆಳಗೆ ನುಗ್ಗದಂತೆ.

ಏನು ಬರೆಯುವುದು? ಕಿಟಕಿ ತೆಗೆಯಿರಿ

ಅಂಗಡಿಯಲ್ಲಿ ಸಿಗುವ ಋತುಗಳ ಕಾರ್ಡು ನೋಡಿದ್ದೀರಲ್ಲ? ಹಿಮ ಬಿದ್ದ ಗುಡಿಸಲು, ಕೆಂಪು ಮೇಪಲ್ ಎಲೆ. ಕೆನಡಾದಲ್ಲಿರುವ ನನ್ನ ತಂಗಿ ಮೇಪಲ್ ಬರೆದರೆ ಅದು ಅವಳ ಬಾಗಿಲ ಮುಂದಿನ ಮರ, ಸರಿ. ಅವಳು ಕಳಿಸಿದ ಕಾರ್ಡಿನಲ್ಲಿ ಆ ಎಲೆ ನೋಡಲು ನನಗೂ ಇಷ್ಟ. ನಾನು ಬೆಂಗಳೂರಿನಲ್ಲಿ ಕೂತು ಮೇಪಲ್ ಬರೆದು ಅವಳಿಗೇ ಕಳಿಸಿದರೆ ಏನು ಚೆಂದ?

ಪಂಚಾಂಗದ ಪ್ರಕಾರ ನಮಗೆ ಆರು ಋತು. ಆಡುಮಾತಿನಲ್ಲಿ ಮೂರೇ ಕಾಲ. ರೈತರ ಬಾಯಲ್ಲಿ ಮಳೆಗಾಲವೊಂದೇ ಹತ್ತಾರು ಹೋಳು: ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಹೀಗೆ ಸ್ವಾತಿಯವರೆಗೆ. ನನಗೆ ಈ ಲೆಕ್ಕವೇ ಹಿಡಿಸುತ್ತದೆ. 'ಮಳೆಗಾಲ' ಅಂದರೆ ಚಿತ್ರ ಹೊಳೆಯುವುದಿಲ್ಲ. 'ಆರಿದ್ರಾ ಮಳೆ' ಅಂದ ಕೂಡಲೇ ಗದ್ದೆ, ಕಂಬಳಿ ಕೊಪ್ಪೆ, ಕೆಸರು ನೀರಿನ ಬಣ್ಣ ಕಣ್ಣಿಗೆ ಬರುತ್ತದೆ.

ಬೆಂಗಳೂರಿನವರಿಗೆ ಇನ್ನೊಂದು ಅನುಕೂಲ. ಇಲ್ಲಿನ ರಸ್ತೆಗಳೇ ಹೂವಿನ ಕ್ಯಾಲೆಂಡರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಜಿ.ಎಚ್. ಕ್ರುಂಬಿಗೆಲ್, ಒಂದು ಮರದ ಹೂವು ಮುಗಿಯುವಾಗ ಇನ್ನೊಂದರದ್ದು ಶುರುವಾಗುವಂತೆ ಸಾಲುಮರಗಳ ಯೋಜನೆ ಹಾಕಿದ್ದರು. ಅದಕ್ಕೇ ಫೆಬ್ರವರಿಗೆ ತಬೇಬುಯಾ, ಮಾರ್ಚಿಗೆ ಜಕರಂಡ, ಏಪ್ರಿಲ್ ಮೇ ತಿಂಗಳಿಗೆ ಗುಲ್‌ಮೊಹರ್. ಈ ಹೂಮರಗಳನ್ನು ಕ್ಯಾನ್ವಾಸಿಗೂ ಕಾಗದಕ್ಕೂ ಮನಸಾರೆ ಇಳಿಸಿದವರು ರುಮಾಲೆ ಚೆನ್ನಬಸವಯ್ಯ. ಸ್ವಾತಂತ್ರ್ಯ ಹೋರಾಟಗಾರರು, ಆಮೇಲೆ ಪೂರ್ತಿ ಚಿತ್ರಕಾರರು. ಅವರ ಮರಗಳಲ್ಲಿ ಎಲೆ ಎಣಿಸಲು ಹೋಗಬೇಡಿ, ಸಿಗುವುದಿಲ್ಲ. ಬಣ್ಣದ ಚುಕ್ಕೆಗಳು ಒತ್ತೊತ್ತಾಗಿ ಬಿದ್ದು ಮರವಾಗುತ್ತವೆ. ಜಲವರ್ಣದಲ್ಲೇ ಕೈ ಪಳಗಬೇಕು ಅನ್ನುವವರು ಕೆ. ವೆಂಕಟಪ್ಪನವರ ಊಟಿಯ ದೃಶ್ಯಗಳನ್ನು ಗಮನಿಸಿ. ಮಂಜು, ಸಂಜೆ ಬೆಳಕು, ಕೆರೆ. ಎಲ್ಲಿ ಏನೂ ಬರೆದಿಲ್ಲ ಅನ್ನುವುದನ್ನು ನೋಡಿ.

ಉತ್ತರ ಕರ್ನಾಟಕದವರಿಗೆ ಎರೆಭೂಮಿ ಇದೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಹೊಲದಲ್ಲಿ ನಿಂತ ಬಿಳಿಜೋಳ, ಕೆಳಗೆ ಕಪ್ಪು ಮಣ್ಣು, ಮೇಲೆ ತಿಳಿ ಆಕಾಶ. ಮೂರು ಪಟ್ಟಿ ಬಣ್ಣ ಸಾಕು, ಕಾರ್ಡು ಮುಗಿಯಿತು.

ಮಳೆ ಕಾರ್ಡು, ಹಂತ ಹಂತವಾಗಿ

ಇದನ್ನೇ ಮೊದಲು ಕಲಿಯಿರಿ. ಇದು ಬಂದರೆ ಉಳಿದದ್ದೆಲ್ಲ ಬರುತ್ತದೆ. ಹಸಿ ಕಾಗದದ ಮೇಲೆ ಹಸಿ ಬಣ್ಣ ಬಿಡುವ ಕೆಲಸ ಇದು. ಒಂಬತ್ತು ಕಿಟಕಿಗೂ ಒಟ್ಟಿಗೆ ನೀರು ಹಚ್ಚಬೇಡಿ. ಒಂದು ಮುಗಿಸಿ ಇನ್ನೊಂದು.

1. ಮೊದಲು ಬಣ್ಣ ಕಲಸಿ, ಆಮೇಲೆ ಕಾಗದ ಒದ್ದೆ ಮಾಡಿ. ಹೊಸಬರು ಇದನ್ನು ಉಲ್ಟಾ ಮಾಡುತ್ತಾರೆ. ಬಣ್ಣ ಕಲಸುವಷ್ಟರಲ್ಲಿ ಕಾಗದ ಆರಿರುತ್ತದೆ. ಅಲ್ಟ್ರಾಮರೀನ್ ಎರಡು ಪಾಲು, ಬರ್ನ್ಟ್ ಸಿಯೆನ್ನಾ ಒಂದು ಪಾಲು. ಹಾಲಿನಷ್ಟು ಗಟ್ಟಿ ಇರಲಿ. ಒಣಗಿದ ಮೇಲೆ ಜಲವರ್ಣ ತಿಳಿಯಾಗುತ್ತದೆ. ಹಾಗಾಗಿ 'ಸ್ವಲ್ಪ ಜಾಸ್ತಿ ಆಯ್ತೇನೋ' ಅನ್ನಿಸುವಷ್ಟು ಗಾಢವಾಗಿದ್ದರೆ ಸರಿಯಾಗಿದೆ ಅಂತ ಅರ್ಥ.

2. ದೊಡ್ಡ ಬ್ರಷ್ಷಿನಲ್ಲಿ ಶುದ್ಧ ನೀರು ತಗೊಂಡು ಕಿಟಕಿಯ ಮೇಲಿನ ಮುಕ್ಕಾಲು ಭಾಗಕ್ಕೆ ಸವರಿ. ಪ್ಯಾಡನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬೆಳಕಿಗೆ ಓರೆ ಹಿಡಿದು ನೋಡಿ. ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ನೀರು ಜಾಸ್ತಿ, ಕಾಯಿರಿ. ಆ ಹೊಳಪು ಇಳಿದು ರೇಷ್ಮೆಯ ಮಿಂಚಿನಷ್ಟು ಉಳಿದಾಗ ಬಣ್ಣ ಹಾಕುವ ಹೊತ್ತು. ಹೊಳಪೇ ಇಲ್ಲದೆ ಮುಟ್ಟಿದರೆ ತಣ್ಣಗಿದ್ದರೆ, ಆ ಕಾಗದವನ್ನು ಮುಟ್ಟಲೇಬೇಡಿ. ಆ ಹೊತ್ತಿನಲ್ಲಿ ಹಾಕಿದ ಒಂದು ಹನಿ ನೀರೂ ಹೂಕೋಸಿನಂಥ ಒರಟು ಅಂಚು ಬಿಟ್ಟು ಕೂರುತ್ತದೆ.

3. ಮೇಲಿನ ಅಂಚಿಗೆ ಬೂದು ಬಣ್ಣ ತುಂಬಿದ ಬ್ರಷ್ಷನ್ನು ಅಡ್ಡ ಮಲಗಿಸಿ ಎರಡು ಮೂರು ಕಡೆ ಮುಟ್ಟಿಸಿ. ತಿಕ್ಕಬೇಡಿ. ಪ್ಯಾಡನ್ನು ನಿಮ್ಮ ಕಡೆಗೆ ವಾಲಿಸಿ. ಬಣ್ಣ ತಾನಾಗಿ ಕೆಳಗೆ ಇಳಿಯುತ್ತದೆ, ದೂರದಲ್ಲಿ ಸುರಿವ ಮಳೆಯ ಹಾಗೇ. ಮಳೆಗೆ ಗೀಟು ಗೀಟಾಗಿ ಗೆರೆ ಎಳೆಯುವುದು ಬಾಲಮಂಗಳದ ಕಾಲಕ್ಕೆ ಮುಗಿಯಿತು. ವಾಲಿಸುವುದೇ ಸಾಕು.

4. ಒಂದು ಕಡೆ ಮೋಡ ಸ್ವಲ್ಪ ಬಿರಿದಿರಲಿ. ಬನಿಯನ್ ಬಟ್ಟೆಯ ತುದಿ ಸುರುಳಿ ಮಾಡಿ ಅಲ್ಲಿ ಒಮ್ಮೆ ಒತ್ತಿ ತೆಗೆಯಿರಿ. ಬಿಳಿ ಬೆಳಕು ಉಳಿಯುತ್ತದೆ. ಒಂದೇ ಸಲ. ಎರಡನೇ ಸಲ ಒತ್ತುವ ಆಸೆಯಾಗುತ್ತದೆ, ಒತ್ತಬೇಡಿ.

5. ಇನ್ನೂ ಸ್ವಲ್ಪ ಹಸಿ ಇರುವಾಗಲೇ, ನೀರು ಕಮ್ಮಿ ಇರುವ ತೆಳು ನೀಲಿಯಲ್ಲಿ ದೂರದ ಗುಡ್ಡದ ಸಾಲು ಎಳೆಯಿರಿ. ಅಂಚು ಮೆತ್ತಗೆ ಹರಡಿ ಮಂಜಿನಲ್ಲಿ ಕರಗುತ್ತದೆ. ಇಲ್ಲಿಗೆ ಬಿಟ್ಟು ಮುಂದಿನ ಕಿಟಕಿಗೆ ಹೋಗಿ.

6. ಪೂರ್ತಿ ಒಣಗಿದ ಮೇಲೆ, ಅಂದರೆ ಹಿಂಗೈ ತಾಗಿಸಿದರೆ ತಂಪು ಅನ್ನಿಸದಾಗ, ಹತ್ತಿರದ ಗುಡ್ಡ. ಪ್ರಷ್ಯನ್ ಬ್ಲೂಗೆ ಗ್ಯಾಂಬೋಜ್, ಚಿಟಿಕೆ ಬರ್ನ್ಟ್ ಸಿಯೆನ್ನಾ. ಈ ಅಂಚು ಚೊಕ್ಕವಾಗಿರುತ್ತದೆ. ಮೆತ್ತನೆಯ ಗುಡ್ಡದ ಮುಂದೆ ಚೊಕ್ಕ ಗುಡ್ಡ ಬಂದ ಕೂಡಲೇ ನಡುವೆ ಮೈಲುಗಟ್ಟಲೆ ದೂರ ಹುಟ್ಟುತ್ತದೆ.

7. ಕೆಳಗೆ ಗದ್ದೆ. ಲೆಮನ್ ಯೆಲ್ಲೋಗೆ ಪ್ರಷ್ಯನ್ ಬ್ಲೂ ಒಂದು ತೊಟ್ಟು, ಸಸಿ ಮಡಿಯ ಹಸಿರು ಬರುತ್ತದೆ. ನಡುನಡುವೆ ಕಾಗದದ ಬಿಳಿ ಬಿಡಿ, ಅದೇ ನಿಂತ ನೀರು. ಬಿಡಲು ಕೈ ಕೇಳದಿದ್ದರೆ ಮೊದಲೇ ಅಲ್ಲಿ ಮೋಂಬತ್ತಿಯಿಂದ ಒಂದು ಅಡ್ಡ ಗೀಟು ಹಾಕಿಡಿ. ಮೇಣ ಹತ್ತಿದ ಕಡೆ ಬಣ್ಣ ನಿಲ್ಲುವುದಿಲ್ಲ.

8. ಸಣ್ಣ ಬ್ರಷ್ಷಿನಲ್ಲಿ ಎರಡು ಅಡಿಕೆ ಮರ. ಮೂರಾದರೆ ತೋಟವಾಗುತ್ತದೆ, ಎರಡೇ ಇರಲಿ. ಕಾಂಡ ಕೆಳಗಿನಿಂದ ಮೇಲಕ್ಕೆ ಒಂದೇ ಎಳೆತ. ತುದಿಗೆ ನಾಲ್ಕೈದು ಹೊಡೆತ, ಗರಿಗಳು ಗಾಳಿಗೆ ಒಂದೇ ಕಡೆ ವಾಲಲಿ.

ನಿಲ್ಲಿಸಿ. ಇಲ್ಲಿ ಎಲ್ಲರೂ ಒಂದು ಮನೆ, ಒಂದು ದನ, ಕೊಡೆ ಹಿಡಿದ ಒಬ್ಬ ಹುಡುಗನನ್ನು ಸೇರಿಸುತ್ತಾರೆ. ನಾನೂ ಸೇರಿಸುತ್ತಿದ್ದೆ. ಕೊಡೆಯ ಹುಡುಗ ಯಾರು ಅಂತ ಬರೆಯುವವರು ಬರೆಯಲಿ.

ಮಳೆಗಾಲದಲ್ಲೇ ಕೂತು ಮಾಡುತ್ತೀರಾದರೆ ಒಂದು ಮಾತು. ಮಲೆನಾಡಿನ ಜುಲೈನಲ್ಲಿ ಒಂದು ಪದರ ಒಣಗಲು ಅರ್ಧ ದಿನ ಹಿಡಿಯುತ್ತದೆ. ಹೇರ್ ಡ್ರೈಯರ್ ಬಳಸಬಹುದು, ಆದರೆ ಹೊಳಪು ಹೋದ ಮೇಲೆ ಮಾತ್ರ, ದೂರದಿಂದ. ಹಸಿ ಇರುವಾಗಲೇ ಊದಿದರೆ ಬಣ್ಣ ಓಡಾಡಿ ಮೂಲೆ ಸೇರುತ್ತದೆ. ಪ್ಯಾಲೆಟ್ಟನ್ನು ಒಣಗಿಸದೆ ಮುಚ್ಚಿಟ್ಟರೆ ವಾರದೊಳಗೆ ಬೂಸ್ಟು. ಕಾಗದವನ್ನೂ ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿಡಿ. ಥಂಡಿ ಹಿಡಿದ ಕಾಗದ ಹೊರಗೆ ಸರಿಯಾಗೇ ಕಾಣುತ್ತದೆ, ಬಣ್ಣ ಇಟ್ಟ ಕೂಡಲೇ ಒರೆಸುವ ಕಾಗದದ ಹಾಗೆ ಹೀರಿಕೊಂಡು ಚುಕ್ಕೆ ಚುಕ್ಕೆಯಾಗುತ್ತದೆ.

ಬಿಳಿ ಹೂವು ಬರೆಯುವುದು ಹೇಗೆ?

ಕಾಫಿ ಸೀಮೆಯಲ್ಲಿ ಬೇಸಿಗೆಯ ಶುರುವಿನಲ್ಲಿ ಒಂದು ಹೂಮಳೆ ಬೀಳುತ್ತದೆ. ಅದಾಗಿ ಸುಮಾರು ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಮಲ್ಲಿಗೆಯಂಥ ವಾಸನೆ. ಮೂರು ನಾಲ್ಕು ದಿನ, ಮತ್ತೆ ಇಲ್ಲ. ಇದನ್ನು ಕಾರ್ಡಿಗೆ ಇಳಿಸಬೇಕು ಅಂತ ನನಗೆ ಬಹಳ ಆಸೆ ಇತ್ತು. ಬಿಳಿ ಪೋಸ್ಟರ್ ಬಣ್ಣ ಮೆತ್ತಿ ನೋಡಿದೆ, ಸುಣ್ಣದ ಹಾಗೆ ಕಂಡಿತು.

ಜಲವರ್ಣದಲ್ಲಿ ಬಿಳಿ ಹೂವನ್ನು ಬರೆಯುವುದಲ್ಲ, ಅದರ ಸುತ್ತಲಿನದನ್ನು ಬರೆಯುವುದು. ಪೆನ್ಸಿಲ್ಲಿನಲ್ಲಿ ಒಂದು ರೆಂಬೆ, ಅದರ ಗಿಣ್ಣಿಗೆ ಗೊಂಚಲು ಹೂವು, ತೆಳುವಾಗಿ. ಕಡು ಹಸಿರು ಕಲಸಿ: ಪ್ರಷ್ಯನ್ ಬ್ಲೂ, ಗ್ಯಾಂಬೋಜ್, ಅದನ್ನು ತಣಿಸಲು ಸ್ವಲ್ಪ ಕ್ರಿಮ್ಸನ್. ಕಾಫಿ ಎಲೆ ಹೊಳೆಯುವ ಎಲೆ, ಆದ್ದರಿಂದ ಎಲೆಯ ನಡುವೆ ಒಂದು ತಿಳಿ ಪಟ್ಟಿ ಬಿಟ್ಟು ಎರಡು ಬದಿಗೆ ಹಸಿರು ತುಂಬಿ. ಹೂವಿನ ಗೊಂಚಲಿಗೆ ಬಂದಾಗ ಬ್ರಷ್ಷಿನ ತುದಿಯಿಂದ ಎಸಳುಗಳ ಹೊರಗೆ ಮಾತ್ರ ಹಸಿರು ಕತ್ತರಿಸಿ. ಹೂವಿನೊಳಗೆ ಏನೂ ಇಲ್ಲ, ಬರೀ ಕಾಗದ. ಕೊನೆಗೆ ನೆರಳಿಗೆ ಬಹಳ ನೀರಾದ ಅಲ್ಟ್ರಾಮರೀನ್ ಎರಡು ಹೊಡೆತ. ಅಷ್ಟರಲ್ಲಿ ಗೊಂಚಲು ದುಂಡಗಾಗುತ್ತದೆ.

ಸುಗಂಧರಾಜ, ನಂದಿಬಟ್ಟಲು, ಪಾರಿಜಾತ, ಎಲ್ಲಕ್ಕೂ ಇದೇ ಉಪಾಯ. ಪಾರಿಜಾತಕ್ಕೆ ತೊಟ್ಟಿನ ಕಿತ್ತಳೆ ಚುಕ್ಕೆ ಮರೆಯಬೇಡಿ.

ಉಳಿದ ಕಾಲಗಳು

ಯುಗಾದಿಯ ಸುತ್ತಮುತ್ತ ಹೊಂಗೆ ಚಿಗುರು. ಈ ಹಸಿರನ್ನು ಟ್ಯೂಬಿನಿಂದ ನೇರ ತಗೊಂಡರೆ ಪ್ಲಾಸ್ಟಿಕ್ ಬಕೆಟ್ಟಿನ ಬಣ್ಣ ಬರುತ್ತದೆ. ಲೆಮನ್ ಯೆಲ್ಲೋವನ್ನು ಕಾಗದದ ಮೇಲೆ ಧಾರಾಳವಾಗಿ ಹರಡಿ, ಹಸಿ ಇರುವಾಗ ಅದರೊಳಗೆ ಅಲ್ಲಲ್ಲಿ ಪ್ರಷ್ಯನ್ ಬ್ಲೂ ಚುಕ್ಕೆ ಬಿಡಿ. ಎರಡೂ ಕಾಗದದ ಮೇಲೇ ಬೆರೆಯಲಿ. ಕೆಲವು ಕಡೆ ಬರೀ ಹಳದಿ ಉಳಿಯುತ್ತದೆ, ಬೆಳಕು ಎಲೆಯನ್ನು ತೂರಿ ಬಂದ ಹಾಗೆ.

ಬೇಸಿಗೆಗೆ ಗುಲ್‌ಮೊಹರ್ ಸುಲಭ, ಅದಕ್ಕೇ ಎಲ್ಲರೂ ಬರೆಯುತ್ತಾರೆ. ನನಗೆ ಮುತ್ತುಗ ಇಷ್ಟ. ಎಲೆಯಿಲ್ಲದ ಸೊಟ್ಟ ಕೊಂಬೆ, ಗಿಳಿಮೂಗಿನಂಥ ಹೂವು. ಗ್ಯಾಂಬೋಜ್ ಮತ್ತು ಕ್ರಿಮ್ಸನ್ ಗಟ್ಟಿಯಾಗಿ ಬೆರೆಸಿ, ಬ್ರಷ್ಷನ್ನು ಒಮ್ಮೆ ಒತ್ತಿ ಎತ್ತಿದರೆ ಒಂದು ಎಸಳು.

ಮಳೆ ಮುಗಿದು ದೀಪಾವಳಿ ಹೊತ್ತಿಗೆ ರಾಗಿ ಹೊಲದ ನಡುವೆ ಸಾಲು ಸಾಲು ಹುಚ್ಚೆಳ್ಳು ಹಳದಿ. ಇಲ್ಲಿ ಉಪ್ಪಿನ ಆಟ ಆಡಬಹುದು. ಹಸಿ ಬಣ್ಣದ ಮೇಲೆ, ರೇಷ್ಮೆ ಮಿಂಚಿನ ಹಂತದಲ್ಲಿ, ನಾಲ್ಕು ಕಾಳು ಪುಡಿ ಉಪ್ಪು ಉದುರಿಸಿ. ಉಪ್ಪು ನೀರೆಳೆದುಕೊಂಡು ಸುತ್ತ ಬಣ್ಣ ತಳ್ಳಿ ಸಣ್ಣ ಹೂವಿನ ಹಾಗೆ ಗುರುತು ಮಾಡುತ್ತದೆ. ಕಲ್ಲುಪ್ಪಾದರೆ ದೊಡ್ಡ ಗುರುತು. ಒಣಗಿದ ಮೇಲೆ ಪೂರ್ತಿ ಉದುರಿಸಿ, ಒಂದು ಕಾಳು ಉಳಿದರೂ ಮುಂದಿನ ಮಳೆಗೆ ಅಲ್ಲೇ ಕಲೆ. ಗಾಳಿ ಥಂಡಿಯಾಗಿದ್ದ ದಿನ ಈ ಆಟ ನಡೆಯುವುದಿಲ್ಲ.

ಚಳಿಗಾಲಕ್ಕೆ ಇಬ್ಬನಿಯ ಬೆಳಗು. ಮಳೆ ಕಾರ್ಡಿನ ಕ್ರಮವೇ. ಬೂದು ಬದಲು ತೆಳು ಬರ್ನ್ಟ್ ಸಿಯೆನ್ನಾ, ಸೂರ್ಯನ ಜಾಗ ಬಿಳಿ.

ಟೇಪು ಬಿಚ್ಚುವುದು, ಕಾರ್ಡು ಮಡಿಸುವುದು

ಪೂರ್ತಿ ಒಣಗದೆ ಟೇಪಿಗೆ ಕೈ ಹಾಕಬೇಡಿ. ಚಿತ್ರದಿಂದ ಹೊರಗಡೆಗೆ, ಓರೆಯಾಗಿ, ನಿಧಾನ. ಬಿಗಿಯಾಗಿದ್ದರೆ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ. ಈ ಇಡೀ ಕೆಲಸದಲ್ಲಿ ಅತಿ ಖುಷಿಯ ಐದು ನಿಮಿಷ ಇದು. ಕೊಳಕು ಟೇಪಿನ ಕೆಳಗಿನಿಂದ ಬೆಳ್ಳನೆ ಅಂಚು ಬಂದ ಕೂಡಲೇ ಸುಮಾರಾದ ಚಿತ್ರವೂ ಚೆಂದ ಕಾಣುತ್ತದೆ. ಪೆನ್ಸಿಲ್ ಗೆರೆಗುಂಟ ಕತ್ತರಿಸಿ. ಒಂಬತ್ತು ತುಂಡು, ಒಂದೊಂದೂ 9.9ಕ್ಕೆ 7 ಸೆಂಟಿಮೀಟರ್, ಸುತ್ತ ಬಿಳಿ ಚೌಕಟ್ಟು.

ಈಗ ಕಾರ್ಡು. ಎ4 ಶೀಟನ್ನು ಅಡ್ಡಕ್ಕೆ ಎರಡು ಮಾಡಿ. ಪ್ರತಿ ಅರ್ಧವನ್ನು ಮತ್ತೆ ನಡುವೆ ಮಡಿಸಿದರೆ 10.5ಕ್ಕೆ 14.8 ಸೆಂಟಿಮೀಟರಿನ ಕಾರ್ಡು. ಮಡಿಸುವ ಮೊದಲು ಶೀಟನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ. ಒಂದು ಕಡೆ ಸಲೀಸಾಗಿ ಬಾಗುತ್ತದೆ, ಇನ್ನೊಂದು ಕಡೆ ಬಿಗಿ. ಸಲೀಸಾಗಿ ಬಾಗುವ ದಿಕ್ಕಿನಲ್ಲೇ ಮಡಿಕೆ ಬರಬೇಕು. ಎಳೆಗೆ ಅಡ್ಡ ಮಡಿಸಿದರೆ ಅಂಚು ಬಿರುಕು ಬಿಡುತ್ತದೆ.

ಇಲ್ಲಿ ಬೇಕು ಆ ಇಂಕಿಲ್ಲದ ಪೆನ್ನು. ಕಾರ್ಡಿನ ಹೊರಮೈ ಮೇಲೆ, ಸರಿ 10.5ಕ್ಕೆ ಸ್ಕೇಲಿಟ್ಟು ಪೆನ್ನಿನ ತುದಿಯಿಂದ ಗಟ್ಟಿಯಾಗಿ ಎರಡು ಸಲ ಗೀರಿ. ಹಳ್ಳ ಹೊರಗಿರುವ ಹಾಗೆ, ಉಬ್ಬು ಒಳಗೆ ಬರುವ ಹಾಗೆ ಮಡಿಸಿ. ಉಲ್ಟಾ ಮಡಿಸುವುದು ಸಹಜ ಅನ್ನಿಸುತ್ತದೆ, ಆದರೆ ಹೀಗೆ ಮಡಿಸಿದರೆ ಅಂಚು ಒಡೆಯುವುದು ಕಮ್ಮಿ. ಚಮಚದ ಬೆನ್ನಿನಿಂದ ಮಡಿಕೆ ತೀಡಿ.

ಚಿತ್ರದ ಹಿಂದೆ ನಾಲ್ಕು ಅಂಚಿಗೆ ಮಾತ್ರ ಫೆವಿಕಾಲ್ ತೆಳುವಾಗಿ ಸವರಿ. ಹನಿ ಹನಿ ಹಾಕಿದರೆ ಅಲ್ಲಲ್ಲಿ ಗುಳ್ಳೆ ಏಳುತ್ತದೆ. ಎಡ ಬಲ ಮೂರು ಮಿಲಿಮೀಟರ್ ಬಿಟ್ಟು, ಮೇಲ್ಗಡೆಯೂ ಅಷ್ಟೇ ಬಿಟ್ಟು ಅಂಟಿಸಿ. ಕೆಳಗಿನ ಅರ್ಧ ಖಾಲಿ ಉಳಿಯುತ್ತದೆ, ಉಳಿಯಲಿ. ಎರಡು ಹಾಳೆಗಳ ನಡುವೆ ಇಟ್ಟು ಮೇಲೊಂದು ದಪ್ಪ ನಿಘಂಟು ಹೇರಿ ರಾತ್ರಿ ಬಿಡಿ.

ಒಳಗೆ ಏನೂ ಬರೆಯಬೇಡಿ. 'ಶುಭಾಶಯಗಳು' ಕೂಡ ಬೇಡ. ಶುಭಾಶಯ ಅಂತಿದ್ದರೆ ಆ ಕಾರ್ಡಿನಲ್ಲಿ ಸಾವಿನ ಮನೆಗೆ ನಾಲ್ಕು ಸಾಲು ಬರೆಯಲು ಆಗುವುದಿಲ್ಲ. ಹಿಂಬದಿ ಕೆಳಗೆ ಪೆನ್ಸಿಲ್ಲಿನಲ್ಲಿ ಇಷ್ಟು: 'ಹೊಂಗೆ, ಮಾರ್ಚ್, ಜಯನಗರ'. ನಿಮ್ಮ ಹೆಸರು ಬೇಕಾದರೆ ಸಣ್ಣದಾಗಿ.

ನೂರು ಬೇಕಾದರೆ

ಕೈಯಲ್ಲಿ ನೂರು ಮಾಡಲು ಹೋಗಬೇಡಿ, ಕಾಫಿ ಹೂವು ಕಂಡರೆ ಸಿಟ್ಟು ಬರುತ್ತದೆ. ಮೂಲಚಿತ್ರವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಮೊಬೈಲ್ ಫೋಟೋದಲ್ಲಿ ತಿಳಿ ಬಣ್ಣಗಳು ಹಾರಿಹೋಗುತ್ತವೆ. ಬಿಚ್ಚಿದ ಕಾರ್ಡು 210ಕ್ಕೆ 148 ಮಿಲಿಮೀಟರ್. ಬಣ್ಣ ಅಂಚಿನವರೆಗೂ ಹೋಗುವುದಾದರೆ ಸುತ್ತ 3 ಮಿಲಿಮೀಟರ್ ಜಾಸ್ತಿ ಕೊಡಿ, ಅಂದರೆ 216ಕ್ಕೆ 154. ಪ್ರೆಸ್ಸಿನ ನಾಲ್ಕು ಬಣ್ಣಗಳಲ್ಲಿ ಚಿಗುರು ಹಸಿರು ಮತ್ತು ಅಲ್ಟ್ರಾಮರೀನ್ ಯಾವತ್ತೂ ಮಂಕಾಗುತ್ತವೆ. ಹಾಗಾಗಿ ಒಂದು ಪ್ರತಿ ತೆಗೆಸಿ, ಮೂಲದ ಪಕ್ಕ ಇಟ್ಟು, ಹಗಲು ಬೆಳಕಿನಲ್ಲಿ ನೋಡಿ ಆಮೇಲೆ ಸೈ ಅನ್ನಿ.

ಕಾಗದದ ಹೆಸರನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಒಂದು ಪ್ರೆಸ್ಸಿನಲ್ಲಿ 'ದಪ್ಪ ಒಳ್ಳೆ ಪೇಪರ್ ಹಾಕ್ತೀವಿ ಮೇಡಂ' ಅಂದರು, ನಾನು ತಲೆಯಾಡಿಸಿದೆ. ಬಂದದ್ದು ಎರಡೂ ಬದಿ ಹೊಳೆಯುವ ಆರ್ಟ್ ಕಾರ್ಡು. ನೂರು ಕಾರ್ಡು, ಒಂದರ ಮೇಲೂ ಇಂಕ್ ಪೆನ್ನು ನಿಲ್ಲಲಿಲ್ಲ. ಇವತ್ತಿಗೂ ಮನೆಯಲ್ಲಿ ಸಾಮಾನಿನ ಚೀಟಿಗೆ ಅದನ್ನೇ ಸ್ಕೆಚ್ ಪೆನ್ನಿನಲ್ಲಿ ಬಳಸುತ್ತಿದ್ದೇವೆ. ಕೋಟಿಂಗ್ ಇಲ್ಲದ ಕಾರ್ಡು ಅಂತಲೇ ಕೇಳಿ, ಸ್ಯಾಂಪಲ್ ಮೇಲೆ ಬರೆದು ನೋಡಿ.

ಮಾರುವ ಯೋಚನೆ ಇದ್ದರೆ ಐದೈದರ ಕಟ್ಟು ಮಾಡಿ, ಐದೂ ಬೇರೆ ಬೇರೆ ಕಾಲದ್ದು. ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯಲ್ಲಿ ಒಂದು ಸುತ್ತು ಹಾಕಿದರೆ ಯಾರು ಏನನ್ನು ಎಷ್ಟಕ್ಕೆ ಕೊಡುತ್ತಿದ್ದಾರೆ ಅಂತ ಅಂದಾಜು ಸಿಗುತ್ತದೆ.

ಕವರು, ಅಂಚೆ

ಈ ಕಾರ್ಡಿಗೆ ಸಿ6 ಅಳತೆಯ ಕವರು ಸರಿಹೋಗುತ್ತದೆ, 11.4ಕ್ಕೆ 16.2 ಸೆಂಟಿಮೀಟರ್. ಬೆಂಗಳೂರಿನವರು ಸುಲ್ತಾನ್‌ಪೇಟೆ, ಅವೆನ್ಯೂ ರಸ್ತೆ ಕಡೆಯ ಮದುವೆ ಕಾರ್ಡಿನ ಅಂಗಡಿಗಳಲ್ಲಿ ಕೇಳಿ. ಮದುವೆ ಕವರಿನ ಗಣಪತಿ ಇಲ್ಲದ್ದು ಅಂತ ಹೇಳಲು ಮರೆಯಬೇಡಿ.

ಕಾರ್ಡು ಸುಮಾರು 8 ಗ್ರಾಂ, ಚಿತ್ರ 2, ಕವರು 5. ಒಟ್ಟು 15ರ ಹತ್ತಿರ. ಸಾದಾ ಪತ್ರಕ್ಕೆ ಅಂಚೆಯ ಮೊದಲ ದರ 20 ಗ್ರಾಂವರೆಗೆ, ಅದರೊಳಗೇ ಹೋಗುತ್ತದೆ. ಜಲವರ್ಣಕ್ಕೆ ನೀರು ಬಿದ್ದರೆ ಮತ್ತೆ ನೀರಾಗುತ್ತದೆ. ಜೂನಿನಿಂದ ಅಕ್ಟೋಬರ್‌ವರೆಗೆ ಕಾರ್ಡನ್ನು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕವರಿಗೆ ಹಾಕಿ. ವಿಳಾಸ ಬಾಲ್ ಪೆನ್ನಿನಲ್ಲಿ ಬರೆಯಿರಿ, ಇಂಕಿನಲ್ಲಿ ಬೇಡ.

ಹೋದ ಆಷಾಢದಲ್ಲಿ ದೊಡ್ಡಮ್ಮನಿಗೆ ಮತ್ತೆ ಹತ್ತು ಕೊಟ್ಟೆ. ಅರ್ಧ ಗಂಟೆಗೆ ಒಂದರಂತೆ ಮಾಡಿದ್ದು, ಎರಡಡಿಕೆ ಮರದವು. ಮೂರು ವಾರಕ್ಕೆ ಅದರಲ್ಲೇ ಒಂದು ವಾಪಸ್ ನನಗೆ ಬಂತು. ಪ್ಲಾಸ್ಟಿಕ್ ಸುತ್ತಿರಲಿಲ್ಲ, ಗುಡ್ಡದ ಬಲಗಡೆ ಸ್ವಲ್ಪ ಕರಗಿತ್ತು. ಒಳಗೆ ಎರಡೂ ಪುಟ ತುಂಬಿ, ಜಾಗ ಸಾಲದೆ ಮುಂದಿನ ಖಾಲಿ ಅರ್ಧಕ್ಕೂ ಬಂದು, ಅಡಿಕೆ ಮರದ ಬುಡದವರೆಗೂ ಬರೆದಿದ್ದರು. ಕೊಳೆರೋಗಕ್ಕೆ ಮದ್ದು ಹೊಡೆಯಲು ಜನ ಸಿಗುತ್ತಿಲ್ಲವಂತೆ. ಕೊನೆಯ ಸಾಲು: 'ನೀ ಬರೆದ ಮರ ಬಡಕಲು, ನಮ್ಮ ತೋಟದ್ದು ಹಾಗಿಲ್ಲ.'